ಅಕ್ಕನಿಗೆ ತೋರಿಸದ ವರದಿ

ಸಿಂಧನೂರು ತಾಲ್ಲೂಕಿನ ಭತ್ತದ ರೈತರೊಬ್ಬರು ಕಿಡ್ನಿ ಕಸಿಯ ಬಗ್ಗೆ ಮಾತನಾಡಲು ಅಕ್ಕನೊಂದಿಗೆ ಬಳ್ಳಾರಿಗೆ, ನನ್ನ ಬಳಿ ಬಂದಿದ್ದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಹೋಗುತ್ತಿದ್ದ ತಮ್ಮನಿಗೆ ಕಿಡ್ನಿ ಕೊಡಲು ಅಕ್ಕ ಸಿದ್ಧರಿದ್ದರು, ರಕ್ತದ ಗುಂಪೂ, ದಾನಿಯ ಅಂಗಾಂಶವನ್ನು ರೋಗಿಯ ರಕ್ತ ಎದುರಿಸುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯೂ ಹೊಂದಿದ್ದವು. ಆದರೂ ಆ ರೈತರು ಶಸ್ತ್ರಚಿಕಿತ್ಸೆಯ ದಿನವನ್ನು ಮುಂದೂಡುತ್ತಲೇ ಇದ್ದರು.

ಅಕ್ಕ ಹೊರಗೆ ಹೋದಾಗ ಅವರು ಜೇಬಿನಿಂದ ಮಡಚಿದ ವರದಿಯೊಂದನ್ನು ತೆಗೆದರು. ಅವರ ಕಿಡ್ನಿ ಹಾಳಾದದ್ದು ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆಯಿಂದ. ಕಿಡ್ನಿಯಲ್ಲಿ ರಕ್ತ ಸೋಸುವ ಜೀವಕೋಶಗಳ ಮೇಲಿರುವ ಪಿಎಲ್‌ಎ2ಆರ್ ಎಂಬ ಪ್ರೋಟೀನನ್ನು ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ್ದೇ ಪ್ರತಿಕಾಯಗಳು ಶತ್ರುವೆಂದು ಬಗೆದು ಹಿಡಿದುಕೊಳ್ಳುವುದರಿಂದ ಸೋಸುವ ಪೊರೆ ಕೆಡುತ್ತದೆ, ಪ್ರೋಟೀನು ಮೂತ್ರಕ್ಕೆ ಸೋರುತ್ತದೆ, ಕಾಲು ಬಾಯುತ್ತದೆ. 2009ರಲ್ಲಿ ಪತ್ತೆಯಾದ ಈ ಪ್ರತಿಕಾಯ, ಬೇರೆ ಕಾರಣವಿಲ್ಲದೆ ಈ ಕಾಯಿಲೆ ಬಂದವರಲ್ಲಿ ಸುಮಾರು ಶೇ. 70ರಷ್ಟು ಮಂದಿಯಲ್ಲಿ ಕಾಣುತ್ತದೆ. ಇವರ ರಕ್ತದಲ್ಲಿ ಅದು ಇನ್ನೂ ಉಳಿದಿತ್ತು. ಅಕ್ಕನ ಕಿಡ್ನಿಯನ್ನೂ ತನ್ನ ರಕ್ತವೇ ತಿಂದೀತೆಂಬ ಅಂಜಿಕೆಯನ್ನು ಅವರು ತಿಂಗಳುಗಟ್ಟಲೆ ಒಬ್ಬರೇ ಹೊತ್ತಿದ್ದರು.

ಅಂಜಿಕೆಗೆ ಆಧಾರವಿತ್ತು, ಅದನ್ನು ನಾನು ಅಲ್ಲಗಳೆಯಲಿಲ್ಲ. ಕ್ರಾಸ್‌ಮ್ಯಾಚ್ ಹೇಳುವುದು ದಾನಿಯ ಅಂಗಾಂಶದ ವಿರುದ್ಧದ ಪ್ರತಿಕಾಯಗಳ ಬಗ್ಗೆ ಮಾತ್ರ; ಈ ಪ್ರತಿಕಾಯ ಆ ಲೆಕ್ಕಕ್ಕೆ ಬರುವುದಿಲ್ಲ. ಕಸಿಯ ವೇಳೆಗೆ ಇದು ರಕ್ತದಲ್ಲಿ ಹೆಚ್ಚಿದ್ದರೆ ಹೊಸ ಕಿಡ್ನಿಯಲ್ಲಿ ಕಾಯಿಲೆ ಮರುಕಳಿಸುವ ಸಂಭವವೂ ಹೆಚ್ಚು. ಆದರೆ ಮರುಕಳಿಸಿದ್ದೆಲ್ಲ ಕಿಡ್ನಿ ಹೋದಂತೆ ಅಲ್ಲ. ಮೂತ್ರದ ಪ್ರೋಟೀನನ್ನು ನಿಯಮಿತವಾಗಿ ಅಳೆಯುತ್ತಿದ್ದರೆ ಬೇಗ ತಿಳಿಯುತ್ತದೆ, ಪ್ರತಿಕಾಯಗಳ ತಯಾರಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್‌ನಂಥ ಔಷಧಿಗೆ ಅನೇಕರಲ್ಲಿ ಹತೋಟಿಗೂ ಬರುತ್ತದೆ. ಈ ವರದಿಯೊಂದೇ ಕಸಿಯನ್ನು ತಡೆಯುವುದಿಲ್ಲ.

ನನಗೆ ಹೆಚ್ಚು ಕಳವಳ ತಂದದ್ದು ಮುಚ್ಚಿಟ್ಟ ವಿಷಯ. "ನಿಮ್ಮ ಅನುಮತಿಯಿಲ್ಲದೆ ನಾನು ಅಕ್ಕನಿಗೆ ಹೇಳುವುದಿಲ್ಲ, ಆದರೆ ಇದು ತಿಳಿಯದೆ ಅವರು ಹಾಕುವ ಸಹಿಯನ್ನು ಒಪ್ಪಿಗೆ ಎನ್ನಲಾಗದು" ಎಂದೆ. ಬಹಳ ಹೊತ್ತಿನ ನಂತರ ಅವರೇ ಬಾಗಿಲು ತೆರೆದು ಅಕ್ಕನನ್ನು ಕರೆದರು.

"ಮೊದಲ ಹೇಳಿದ್ದರ ನಾ ಬ್ಯಾಡ ಅಂತಿದ್ದೆನೇನು?" ಎಂದು ಅಕ್ಕ ಅತ್ತರು. ನಾನು ಅವಸರಪಡಬೇಡಿ ಎಂದೆ: ಪ್ರತಿಕಾಯದ ಮಟ್ಟವನ್ನು ಮತ್ತೆ ಅಳೆಸಿ, ಕಸಿಗೆ ಮುನ್ನ ಚಿಕಿತ್ಸೆ ಬೇಕೇ ಎಂದು ಮೂತ್ರಪಿಂಡ ತಜ್ಞರನ್ನು ಇಬ್ಬರೂ ಕೂಡಿಯೇ ಕೇಳಿ, ಅಕ್ಕ ಒಬ್ಬರೇ ಇನ್ನೊಮ್ಮೆ ನನ್ನೊಡನೆ ಮಾತನಾಡಲಿ, ಬೇಡವೆನಿಸಿದರೆ ಕೊನೆಯ ದಿನವೂ ಹಿಂದೆ ಸರಿಯಬಹುದು.

ಮುಂದಿನ ವಾರ ಅಕ್ಕ ಒಬ್ಬರೇ ಬಂದರು. ಕೈಯಲ್ಲಿ ಅದೇ ವರದಿಯಿತ್ತು, ಅದರ ಹಿಂಬದಿಯಲ್ಲಿ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಮಗಳಿಂದ ಬರೆಸಿಕೊಂಡಿದ್ದರು.