ಕೊಬ್ಬು ಎನ್ನುವ ಮೊದಲು ಬೆನ್ನು ಮುಟ್ಟಿ ನೋಡಿ

ಓದುಗರ ಪತ್ರ: ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಕಾಫಿ ತೋಟ. ಎರಡು ವರ್ಷದ ಹಿಂದೆ, ರೇಸ್ ಓಡಿ ಮುಗಿಸಿದ ಹೆಣ್ಣು ಕುದುರೆಯೊಂದನ್ನು ತಂದೆವು. ಮಗಳು ಸವಾರಿ ಕಲಿತದ್ದೇ ಅದರ ಮೇಲೆ. ಈ ಸಲ ಮಳೆಗೆ ಎರಡು ತಿಂಗಳು ಲಾಯದಲ್ಲೇ ಕಟ್ಟಿದ್ದೆವು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಕಳೆದು ಜೀನು ಹಾಕಲು ಹೋದರೆ ಕಚ್ಚಲು ಬಂತು. ಕಳೆದ ವಾರ ಹಿಂಗಾಲು ಎತ್ತಿ ಎಗರಿ ಮಗಳನ್ನು ಬೀಳಿಸಿತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಕುದುರೆ ನೋಡಿಕೊಳ್ಳುವವನು, ‘ಹುರುಳಿ ತಿಂದು ಕೊಬ್ಬಿದೆ, ನಾಲ್ಕು ಬಿಗಿಯಬೇಕು, ಗಟ್ಟಿ ಕಡಿವಾಣ ತರಿಸಿ’ ಎನ್ನುತ್ತಾನೆ. ಪಕ್ಕದ ತೋಟದವರು ಮಾರಿಬಿಡಿ ಎನ್ನುತ್ತಾರೆ. ಏನು ಮಾಡಲಿ?

ಸಂಪಾದಕರ ಉತ್ತರ:

ಮೊದಲ ಮಾತು, ಮಗಳನ್ನು ಸದ್ಯಕ್ಕೆ ಆ ಕುದುರೆಯ ಮೇಲೆ ಕೂರಿಸಬೇಡಿ. ಎರಡನೆಯದು, ಚಾಟಿಯನ್ನು ಗೋಡೆಯ ಮೇಲೇ ಇರಲು ಬಿಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕಚ್ಚಿದ್ದಲ್ಲ, ಬೀಳಿಸಿದ್ದೂ ಅಲ್ಲ. ಎರಡು ವರ್ಷ ಮಗುವನ್ನು ಹೊತ್ತು ತಿರುಗಿದ ಕುದುರೆ ಎರಡೇ ತಿಂಗಳಲ್ಲಿ ಬದಲಾಯಿತು ಎಂಬುದು. ಹುಟ್ಟುಗುಣವಾಗಿದ್ದರೆ ಇಷ್ಟು ದಿನ ಎಲ್ಲಿ ಅಡಗಿತ್ತು? ನಮ್ಮ ಮನೆಯಲ್ಲಿ ಎತ್ತು ಕಟ್ಟುತ್ತಿದ್ದ ಕಾಲದಲ್ಲಿ, ಸರಿಯಾಗಿ ಉಳುತ್ತಿದ್ದ ಎತ್ತು ಒಂದು ಬೆಳಿಗ್ಗೆ ನೊಗಕ್ಕೆ ಹೆಗಲು ಕೊಡದೆ ಮಲಗಿಬಿಟ್ಟರೆ, ಗೊತ್ತಿಲ್ಲದವರು ಬಾಲ ತಿರುಚುತ್ತಿದ್ದರು, ಗೊತ್ತಿದ್ದವರು ಬಗ್ಗಿ ಹೆಗಲು ನೋಡುತ್ತಿದ್ದರು. ಹೆಚ್ಚಿನ ಸಲ ಅಲ್ಲಿ ಹುಣ್ಣು ಇರುತ್ತಿತ್ತು. ಕುದುರೆಯ ಪಾಡು ಇನ್ನೂ ಕಷ್ಟ. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ನೋವನ್ನು ಮುಚ್ಚಿಟ್ಟುಕೊಳ್ಳುವುದು ಅದರ ರಕ್ತದಲ್ಲೇ ಇದೆ. ನಾಯಿಯಂತೆ ಕುಂಯ್‌ಗುಡುವುದಿಲ್ಲ. ಕಿವಿ ಹಿಂದಕ್ಕೆ ಮಾಡುತ್ತದೆ, ಬಾಲ ಬೀಸುತ್ತದೆ, ಜೀನು ಕಟ್ಟುವ ಹೊಟ್ಟೆಪಟ್ಟಿ ಬಿಗಿಯುವಾಗ ತಿರುಗಿ ನೋಡುತ್ತದೆ. ಅಷ್ಟಕ್ಕೂ ನಮಗೆ ತಿಳಿಯದಿದ್ದರೆ ಕಚ್ಚುತ್ತದೆ.

ಇಂಗ್ಲೆಂಡಿನ ಪಶುವೈದ್ಯೆ ಸೂ ಡೈಸನ್ ಅವರು ಇದನ್ನೇ ಕೂಲಂಕಷವಾಗಿ ಗಮನಿಸಿ, ಸವಾರಿಯ ವೇಳೆ ಕಾಣುವ 24 ನಡವಳಿಕೆಗಳ ಪಟ್ಟಿ ಮಾಡಿದ್ದಾರೆ. ಕಿವಿಯನ್ನು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಹಿಂದಕ್ಕೆ ಇಟ್ಟುಕೊಳ್ಳುವುದು, ಬಾಯಿ ಮತ್ತೆ ಮತ್ತೆ ತೆರೆಯುವುದು, ನಾಲಿಗೆ ಹೊರಹಾಕುವುದು, ತಲೆ ಓರೆ ಮಾಡುವುದು, ಮುಂದೆ ಹೋಗಲು ಒಲ್ಲೆನ್ನುವುದು, ಹಿಂಗಾಲಿನ ಗೊರಸಿನ ತುದಿ ಎಳೆಯುವುದು, ಎಗರುವುದು ಇವೆಲ್ಲ ಅದರಲ್ಲಿವೆ. ಇಪ್ಪತ್ತನಾಲ್ಕರಲ್ಲಿ ಎಂಟು ಅಥವಾ ಹೆಚ್ಚು ಕಂಡರೆ ಮೂಳೆ, ಕೀಲು, ಸ್ನಾಯುಗಳಲ್ಲಿ ಎಲ್ಲೋ ನೋವಿರುವ ಸಂಭವ ಹೆಚ್ಚು ಎನ್ನುತ್ತಾರೆ ಅವರು. ನಾವು ‘ಹಠ’ ಎಂದು ಕರೆಯುವುದರಲ್ಲಿ ಅರ್ಧ ಈ ಪಟ್ಟಿಯಲ್ಲೇ ಇದೆ.

ಈಗ ನಿಮ್ಮ ಲಾಯಕ್ಕೆ ಬರೋಣ. ಎರಡು ತಿಂಗಳಲ್ಲಿ ಏನೇನು ಬದಲಾಗಿರಬಹುದು?

ಜೀನು. ಕೊಡಗಿನ ಮಳೆಯಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುವುದನ್ನು ನಿಮಗೆ ಹೇಳಬೇಕಿಲ್ಲ, ಬೀರುವಿನಲ್ಲಿಟ್ಟ ಚಪ್ಪಲಿಯೂ ಹಸಿರಾಗುತ್ತದೆ. ಬೂಷ್ಟು ಒರೆಸಿ ಒಣಗಿಸಿದ ಹೊಟ್ಟೆಪಟ್ಟಿ ಮರದ ಚಕ್ಕೆಯಂತೆ ಸೆಟೆದಿರುತ್ತದೆ. ಜೀನಿನೊಳಗಿನ ಉಣ್ಣೆ ತೇವಕ್ಕೆ ಗಂಟುಗಂಟಾಗಿರಬಹುದು. ಜೀನನ್ನು ಮಗುಚಿ ಹಾಕಿ ಅಂಗೈಯಿಂದ ಒತ್ತಿಕೊಂಡು ಹೋಗಿ, ಎಡ ಬಲ ಒಂದೇ ಸಮ ಇದೆಯೇ ನೋಡಿ. ಇನ್ನೊಂದು ಕಡೆ, ಕೆಲಸವಿಲ್ಲದೆ ನಿಂತ ಕುದುರೆಯ ಬೆನ್ನಿನ ಸ್ನಾಯು ಇಳಿದಿರುತ್ತದೆ. ಜುಲೈಯಲ್ಲಿ ಹೊಂದುತ್ತಿದ್ದ ಜೀನು ಸೆಪ್ಟೆಂಬರಿನಲ್ಲಿ ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನ ಮೇಲೆ ಕೂತು ಒತ್ತಬಹುದು. ಬೆನ್ನುಮೂಳೆಯ ಎರಡೂ ಬದಿ ಬೆರಳುಗಳಿಂದ ಮೆಲ್ಲಗೆ ಒತ್ತುತ್ತ ಹೋಗಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೆನ್ನು ಕುಸಿದರೆ ಅಥವಾ ಚರ್ಮ ಅದುರಿದರೆ ಆ ಜಾಗ ಗುರುತಿಟ್ಟುಕೊಳ್ಳಿ. ರೇಸಿನ ಕುದುರೆಗಳಲ್ಲಿ ಬೆನ್ನಿನ ಮೂಳೆಯ ಮುಳ್ಳುಗಳು ಒಂದಕ್ಕೊಂದು ತಾಗುವ ತೊಂದರೆಯೂ ಸಾಮಾನ್ಯ. ಅದನ್ನು ಎಕ್ಸ್‌ರೇ ಮಾತ್ರ ಹೇಳಬಲ್ಲದು.

ಹೊಟ್ಟೆ. ನಿಮ್ಮವನು ‘ಹುರುಳಿ ತಿಂದು’ ಎಂದದ್ದರಲ್ಲಿ ಅರ್ಧ ಸತ್ಯವಿದೆ, ಆದರೆ ಅವನು ತಿಳಿದ ಅರ್ಥದಲ್ಲಲ್ಲ. ಕುದುರೆಯ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ, ತಿಂದಿರಲಿ ಬಿಡಲಿ. ಅದನ್ನು ತಣಿಸುವುದು ಹುಲ್ಲು ಅಗಿಯುವಾಗ ಬರುವ ಜೊಲ್ಲು. ಮಳೆಯಲ್ಲಿ ಮೇಯಲು ಬಿಡದೆ, ಒಣಹುಲ್ಲು ಸಾಲದೆ, ಎರಡು ಹೊತ್ತು ಕಾಳು ಕೊಟ್ಟು ಕಟ್ಟಿದರೆ ಹುಣ್ಣಾಗಲು ಅಷ್ಟೇ ಸಾಕು. ರೇಸ್ ತರಬೇತಿಯಲ್ಲಿರುವ ಕುದುರೆಗಳಲ್ಲಿ ಜಠರದ ಹುಣ್ಣು ಬಹಳ ಸಾಮಾನ್ಯ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು, ಕಾಳು ಅರ್ಧಕ್ಕೆ ಬಿಡುವುದು, ಕೂದಲು ಮಂಕಾಗುವುದು ಕಂಡರೆ ಇದನ್ನು ನೆನಪಿಡಿ. ಖಚಿತವಾಗಿ ಹೇಳಲು ವೈದ್ಯರು ಜಠರಕ್ಕೆ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡಬೇಕು. ಅಲ್ಲಿಯವರೆಗೆ ಕಾಳು ಕಡಿಮೆ ಮಾಡಿ, ಬೂಷ್ಟು ಹಿಡಿಯದ ಹುಲ್ಲು ಯಾವಾಗಲೂ ಮುಂದಿರಲಿ.

ಗೊರಸು. ತೇವದ ನೆಲ, ಲದ್ದಿ, ಗಂಜಲ ಸೇರಿದರೆ ಗೊರಸಿನಡಿಯ ತ್ರಿಕೋನದ ಮೆತ್ತನೆಯ ಭಾಗ ಕೊಳೆಯುತ್ತದೆ. ಕಪ್ಪು ಲೋಳೆ, ಮೂಗು ಮುಚ್ಚಿಕೊಳ್ಳುವಂಥ ನಾತ. ಕಾಲೆತ್ತಿ ನೋಡಿದರೆ ಯಾರಿಗೂ ಗೊತ್ತಾಗುತ್ತದೆ.

ಬಾಯಿ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದಂತೆ. ನೀವು ಕಾಸು ಕೊಟ್ಟು ತಂದದ್ದು, ಧಾರಾಳವಾಗಿ ಎಣಿಸಿ. ಕುದುರೆಯ ದವಡೆ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಹೊರಬರುತ್ತಲೇ ಇರುತ್ತದೆ. ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಹಾಗಾಗಿ ಮೇಲಿನ ಹಲ್ಲುಗಳ ಹೊರ ಅಂಚು ಸವೆಯದೆ ಚೂರಿಯಂತಾಗಿ ಕೆನ್ನೆಯ ಒಳಗನ್ನು ಕುಯ್ಯುತ್ತದೆ. ಅಂಥ ಬಾಯಿಗೆ ಗಟ್ಟಿ ಕಡಿವಾಣ ತೊಡಿಸಿದರೆ ಏನಾಗುತ್ತದೆ, ನೀವೇ ಊಹಿಸಿ. ಕೊನೆಯ ಸಲ ಹಲ್ಲು ಅರದಿಂದ ಉಜ್ಜಿಸಿದ್ದು ಯಾವಾಗ? ಪತ್ರದಲ್ಲಿ ಆ ಮಾತೇ ಇಲ್ಲ.

ಹೆಣ್ಣು ಕುದುರೆಯಾದ್ದರಿಂದ ಬೆದೆಯ ದಿನಗಳನ್ನೂ ಬರೆದಿಡಿ. ಸುಮಾರು 21 ದಿನಕ್ಕೊಮ್ಮೆ ಮಾತ್ರ ಸಿಟ್ಟು ಬರುತ್ತಿದ್ದರೆ ದಾರಿ ಬೇರೆ.

ವೈದ್ಯರನ್ನು ಕರೆಯುವ ಮೊದಲು ಒಂದು ಕೆಲಸ ಮಾಡಿ. ಕಾಫಿ ಕಣ ಒಣಗಿರುವ ದಿನ, ಜೀನಿಲ್ಲದೆ, ಬರೀ ಹಗ್ಗ ಹಿಡಿದು ಕುದುರೆಯನ್ನು ನಡೆಸಿ, ಆಮೇಲೆ ಮೆಲ್ಲಗೆ ಓಡಿಸಿ. ಸಮತಟ್ಟಾದ ಗಟ್ಟಿ ನೆಲ ನಮ್ಮ ಕಡೆ ಸಿಗುವುದು ಕಣದಲ್ಲೇ ತಾನೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲಕ್ಕೆ ಹೋಗುತ್ತದೆ. ಮರುದಿನ ಜೀನು ಹಾಕಿ, ಸವಾರರಿಲ್ಲದೆ ಅದನ್ನೇ ಮಾಡಿ. ಬರೀ ಮೈಯಲ್ಲಿ ಸರಿಯಿದ್ದು ಜೀನು ಕಂಡೊಡನೆ ಕೆರಳಿದರೆ ಅನುಮಾನ ಜೀನು, ಬೆನ್ನು, ಹೊಟ್ಟೆಯ ಕಡೆಗೆ, ಎರಡರಲ್ಲೂ ಕುಂಟಿದರೆ ಕಾಲು, ಗೊರಸಿನ ಕಡೆಗೆ. ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ತಾಲ್ಲೂಕಿನ ಪಶುವೈದ್ಯರು ದಿನವೆಲ್ಲ ನೋಡುವುದು ದನ, ಹಂದಿ, ನಾಯಿಗಳನ್ನು. ಅವರು ಬಂದಾಗ ಕುದುರೆ ಸಾಧುವಿನಂತೆ ನಿಂತಿದ್ದರೆ ಈ ಚಿತ್ರಗಳೇ ಸಾಕ್ಷಿ. ಅವರಿಗೆ ಅನುಮಾನ ಬಂದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಹೆಬ್ಬಾಳದ ಕಾಲೇಜಿಗೋ ದಾರಿ ತೋರಿಸುತ್ತಾರೆ. ನೀವಾಗಿಯೇ ನೋವಿನ ಮಾತ್ರೆ ಕೊಟ್ಟು ಸವಾರಿ ಮಾಡಬೇಡಿ. ಕುದುರೆಗೆ ಕೊಡುವ ಕೆಲವು ನೋವುನಿವಾರಕಗಳಿಂದಲೇ ಜಠರದ ಹುಣ್ಣು ಹೆಚ್ಚುತ್ತದೆ.

ನೋವು ಹೋದ ಮೇಲೂ ಕೆಲವು ದಿನ ಅದು ಜೀನು ಕಂಡರೆ ಕಿವಿ ಮಡಿಸೀತು. ನೆನಪು ಅಷ್ಟು ಬೇಗ ಹೋಗುವುದಿಲ್ಲ. ಆಗ ‘ನೋಡಿ, ಕೊಬ್ಬೇ’ ಎಂದು ನಿಮ್ಮವನು ಗೆಲುವಿನ ನಗೆ ನಕ್ಕರೂ ತಾಳ್ಮೆ ಇರಲಿ. ಅವನ ಮೇಲೆ ನನಗೆ ಕೋಪವಿಲ್ಲ, ಅವನಿಗೆ ಕಲಿಸಿದವರೂ ಹಾಗೇ ಕಲಿಸಿದ್ದಾರೆ. ಇನ್ನು ಮಾರುವ ವಿಷಯ: ಹೀಗೇ ಮಾರಿದರೆ ಕುದುರೆಯ ಜೊತೆ ಅದರ ನೋವನ್ನೂ ಇನ್ನೊಬ್ಬರ ಲಾರಿಗೆ ಹತ್ತಿಸಿದಂತೆ, ಅವರ ಮಗುವೂ ಬೀಳುತ್ತದೆ.

ನೀವು ಕಳಿಸಿದ ಎರಡನೆಯ ಫೋಟೊದಲ್ಲಿ, ಬೆನ್ನು ಶುರುವಾಗುವ ಆ ಉಬ್ಬಿನ ಎಡಕ್ಕೆ ಎಂಟಾಣೆ ಅಗಲದ ಬಿಳಿ ಕೂದಲು ಕಾಣುತ್ತಿದೆ. ಅದು ಹಿಂದೆಂದೋ ಜೀನು ಒತ್ತಿದ ಗುರುತು ಇರಬಹುದು. ಕೊಂಡು ತರುವಾಗಲೇ ಇತ್ತೇ, ಅಥವಾ ನಿಮ್ಮಲ್ಲಿಗೆ ಬಂದ ಮೇಲೆ ಆದದ್ದೇ? ಹಳೆಯ ಫೋಟೊ ಇದ್ದರೆ ಹೋಲಿಸಿ ನೋಡಿ, ನಮಗೂ ಒಂದು ಸಾಲು ಬರೆಯಿರಿ.