ಪುಟ್ಟ ಮಕ್ಕಳಿಗೂ ಪ್ಯಾಂಕ್ರಿಯಾಟೈಟಿಸ್ ಬರುತ್ತದಾ?

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಾವು ಬದಿಯಡ್ಕದ ಹತ್ತಿರದವರು. 9 ವರ್ಷದ ಮಗನಿಗೆ ಕಳೆದ ತಿಂಗಳು ರಾತ್ರಿ ಜೋರು ಹೊಟ್ಟೆನೋವು ಬಂತು. ಹೊಕ್ಕುಳಿನ ಮೇಲೆ ಕೈ ಒತ್ತಿ ಮುದುಡಿ ಮಲಗಿದ, ಕುಡಿದ ನೀರೂ ವಾಂತಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ ಅಂತ ಸಿರಪ್ ಕೊಟ್ಟರು. ಮರುದಿನವೂ ಕಡಿಮೆ ಆಗದೆ ಮಂಗಳೂರಿಗೆ ಕರಕೊಂಡು ಹೋದೆವು. ಲೈಪೇಸ್ 1,400 ಬಂತು, ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಅಂದರು. ಡ್ರಿಪ್ ಹಾಕಿ ಐದು ದಿನಕ್ಕೆ ಮನೆಗೆ ಕಳಿಸಿದರು. ಕಾರಣ ಸಿಗಲಿಲ್ಲ ಅಂತ ಬರೆದಿದ್ದಾರೆ. ಇದು ಕುಡಿಯುವವರಿಗೆ ಬರುವ ಕಾಯಿಲೆ ಅಲ್ವಾ ಅಂತ ಊರವರು ಕೇಳುತ್ತಾರೆ. ಮರಗೆಣಸು ತಿಂದದ್ದರಿಂದಲೇ ಆದದ್ದು ಅಂತ ಅತ್ತೆ ಹೇಳುತ್ತಾರೆ. ಅಂದಿನಿಂದ ಅವನಿಗೆ ಬರೀ ಗಂಜಿ, ಉಪ್ಪು. ಕಾಯಿ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ. ತುಂಬಾ ಸೊರಗಿದ್ದಾನೆ. ಮೊನ್ನೆ ಇಲ್ಲೇ ಪುನಃ ಲೈಪೇಸ್ ಮಾಡಿಸಿದೆವು, 90 ಬಂತು. 60ರ ಒಳಗೆ ಇರಬೇಕಂತೆ. ಭಯ ಆಗುತ್ತಿದೆ.
– ಒಬ್ಬ ತಾಯಿ

ಉತ್ತರ: ಮೊದಲು ಹುಡುಗನಿಗೆ ಊಟ ಕೊಡಿ. ಉಳಿದದ್ದು ಆಮೇಲೆ ಮಾತಾಡೋಣ.

ಪ್ಯಾಂಕ್ರಿಯಾಟೈಟಿಸ್ ಅಂದರೆ ಜೀರ್ಣರಸ ಮಾಡುವ ಮೇದೋಜೀರಕ ಗ್ರಂಥಿಯ ಊತ. ಹಿಂದೆ ಈ ಕಾಯಿಲೆಗೆ ದಿನಗಟ್ಟಲೆ ಉಪವಾಸ ಹಾಕುತ್ತಿದ್ದರು, ಮೇದೋಜೀರಕಕ್ಕೆ ವಿಶ್ರಾಂತಿ ಬೇಕು ಅನ್ನುವ ಲೆಕ್ಕದಲ್ಲಿ. ಈಗ ಹಾಗಿಲ್ಲ. ಸೌಮ್ಯ ರೂಪದ್ದಾದರೆ ಆಸ್ಪತ್ರೆಯಲ್ಲಿರುವಾಗಲೇ, ವಾಂತಿ ನಿಂತ ಕೂಡಲೇ, ಬಾಯಿಗೆ ಆಹಾರ ಕೊಡಲು ಶುರು ಮಾಡುತ್ತೇವೆ. ಮನೆಗೆ ಬಂದು ತಿಂಗಳಾದ ಮೇಲೂ ಗಂಜಿ ಉಪ್ಪಿನಲ್ಲೇ ಇಡಲು ಕಾರಣವೇ ಇಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ವಿಪರೀತ ಜಾಸ್ತಿ ಇದ್ದು (1,000 ದಾಟಿದರೆ ಅದೇ ಕಾರಣವಾಗಬಹುದು) ಅದರಿಂದ ಬಂದಿದ್ದರೆ ಮಾತ್ರ ಎಣ್ಣೆ, ಕೊಬ್ಬು ಬಿಗಿ ಮಾಡಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಆ ಸಂಖ್ಯೆ ಉಂಟಾ ನೋಡಿ. ಅದು ಸರಿ ಇದ್ದರೆ, ಆಸ್ಪತ್ರೆಯವರು ಬೇರೆ ಪಥ್ಯ ಬರೆದಿಲ್ಲವಾದರೆ, ಕಾಯಿ ಹಾಕಿದ ಸಾಂಬಾರು, ಮೊಟ್ಟೆ, ಮೀನು ಎಲ್ಲವೂ ಆಗಬಹುದು. ಕರಿದದ್ದು ಮೊದಲ ಕೆಲವು ವಾರ ಸ್ವಲ್ಪ ಕಡಿಮೆ ಇರಲಿ. ಅಷ್ಟೇ.

ಇನ್ನು ಲೈಪೇಸ್ 90. ಲೈಪೇಸ್, ಅಮೈಲೇಸ್ ಎರಡೂ ಮೇದೋಜೀರಕದ ಜೀರ್ಣರಸದಲ್ಲಿರುವ ಅಂಶಗಳು, ಗ್ರಂಥಿ ಊದಿದಾಗ ರಕ್ತದಲ್ಲಿ ಏರುತ್ತವೆ. ಕಾಯಿಲೆ ಅಂತ ಹೇಳಬೇಕಾದರೆ ಮೂರರಲ್ಲಿ ಎರಡು ಸೇರಬೇಕು: ಅದಕ್ಕೆ ಹೊಂದುವ ಹೊಟ್ಟೆನೋವು, ಮಿತಿಯ ಮೂರು ಪಟ್ಟಾದರೂ ಏರಿದ ಅಮೈಲೇಸ್ ಅಥವಾ ಲೈಪೇಸ್, ಸ್ಕ್ಯಾನಿನಲ್ಲಿ ಕಾಣುವ ಊತ. 60 ಮಿತಿ ಆದರೆ ಮೂರು ಪಟ್ಟು 180. ನೋವಿಲ್ಲದೆ ಆಡಿಕೊಂಡಿರುವ ಮಗುವಿಗೆ 90 ಇದ್ದರೆ ಅದಕ್ಕೆ ಮದ್ದು ಇಲ್ಲ, ಬೇಕಾಗಿಯೂ ಇಲ್ಲ. ಇನ್ನೊಂದು ಮಾತು, 1,400 ಬಂತು ಅಂದರೆ ಕಾಯಿಲೆ ಅಷ್ಟು ಭಾರೀ ಅಂತಲೂ ಅಲ್ಲ. ಸಂಖ್ಯೆಗೂ ತೀವ್ರತೆಗೂ ನೇರ ಲೆಕ್ಕ ಇಲ್ಲ. ಸುಮ್ನೆ ವಾರಕ್ಕೊಮ್ಮೆ ರಕ್ತ ತೆಗೆಸಿ ಅವನನ್ನೂ ನಿಮ್ಮನ್ನೂ ಹಿಂಸೆ ಮಾಡಿಕೊಳ್ಳಬೇಡಿ.

ಊರವರ ಮಾತಿಗೆ ಬರುತ್ತೇನೆ. ದೊಡ್ಡವರಲ್ಲಿ ಮದ್ಯ ಮತ್ತು ಪಿತ್ತಕೋಶದ ಕಲ್ಲು, ಇವೆರಡೇ ಮುಖ್ಯ ಕಾರಣ. ಹಾಗಾಗಿ ಹೆಸರು ಕೇಳಿದ ಕೂಡಲೇ ಜನ ಬಾಟಲಿ ನೆನೆಸುತ್ತಾರೆ. ಮಕ್ಕಳದ್ದು ಬೇರೆಯೇ ಕಥೆ. ಮೇದೋಜೀರಕದಲ್ಲಿ ಹುಟ್ಟುವ ಜೀರ್ಣರಸ ಕರುಳಿಗೆ ಬಂದ ಮೇಲೆ ಚುರುಕಾಗಬೇಕು. ದಾರಿ ಕಟ್ಟಿದರೆ, ತೋಟದ ಕಣಿಯಲ್ಲಿ ಸೋಗೆ ಸಿಕ್ಕಿಕೊಂಡ ಹಾಗೆ, ರಸ ಒಳಗೇ ನಿಂತು ಗ್ರಂಥಿಯನ್ನೇ ಸುಡಲು ಶುರು ಮಾಡುತ್ತದೆ. ಕಟ್ಟುವುದು ಪಿತ್ತದ ಕಲ್ಲಿನಿಂದ ಇರಬಹುದು, ಹುಟ್ಟಿನಿಂದ ಬಂದ ಪಿತ್ತನಾಳದ ಗಂಟಿನಿಂದ ಇರಬಹುದು, ನಮ್ಮ ಕಡೆ ಒಮ್ಮೊಮ್ಮೆ ಕರುಳಿನ ದುಂಡುಹುಳ ನಾಳಕ್ಕೆ ನುಗ್ಗಿಯೂ ಆಗುತ್ತದೆ. ದಾರಿ ಕಟ್ಟದೆಯೂ ಬರುತ್ತದೆ. ಅವನಿಗೆ ಫಿಟ್ಸ್ ಇದ್ದು ವಾಲ್ಪ್ರೊಯೇಟ್ ಕೊಡುತ್ತಿದ್ದೀರಾ? ಆ ಮದ್ದೂ ಒಂದು ಕಾರಣ. ಹಾಗಂತ ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ. ಹೊಟ್ಟೆನೋವಿಗೆ ಮೊದಲು ಕೆಪ್ಪಟೆ ಬಂದಿತ್ತಾ? ಸೈಕಲ್ಲಿನಿಂದ ಬಿದ್ದು ಹ್ಯಾಂಡಲ್ ಹೊಟ್ಟೆಗೆ ತಾಗಿತ್ತಾ? ಇದನ್ನು ಅವನನ್ನೇ ಒಬ್ಬನನ್ನೇ ಕೂರಿಸಿ ಕೇಳಿ. ಬೈಗುಳಕ್ಕೆ ಹೆದರಿ ಹುಡುಗರು ಬಿದ್ದದ್ದನ್ನು ಮುಚ್ಚಿಡುತ್ತಾರೆ. ಮೇದೋಜೀರಕ ಬೆನ್ನುಮೂಳೆಯ ಎದುರಿಗೆ ಅಡ್ಡ ಮಲಗಿರುತ್ತದೆ, ಪೆಟ್ಟು ಬಿದ್ದರೆ ಮೂಳೆಗೆ ಒತ್ತಿ ಜಜ್ಜಿಹೋಗುತ್ತದೆ, ಹೊರಗೆ ಗಾಯವೂ ಕಾಣುವುದಿಲ್ಲ.

ಮರಗೆಣಸಿನ ಬಗ್ಗೆ ಅತ್ತೆಯವರನ್ನು ನಗಬೇಡಿ. ಅವರ ಮಾತಿಗೆ ಹಿಂದೆ ಒಂದು ಕಥೆ ಉಂಟು. ಮೇದೋಜೀರಕದಲ್ಲಿ ಕಲ್ಲು ಬೆಳೆದು, ಹೊಟ್ಟೆನೋವಿನಲ್ಲಿ ಶುರುವಾಗಿ ಮುಂದೆ ಸಕ್ಕರೆ ಕಾಯಿಲೆಯಲ್ಲಿ ನಿಲ್ಲುವ ಒಂದು ಬಗೆಯ ದೀರ್ಘ ಕಾಯಿಲೆ ಕೇರಳದಲ್ಲಿ ತುಂಬ ಇತ್ತು. 1960ರ ದಶಕದಲ್ಲಿ ಡಾ. ಗೀವರ್ಗೀಸ್ ಅದರ ಬಗ್ಗೆ ದೊಡ್ಡ ಕೆಲಸ ಮಾಡಿದರು. ಬಡವರ ಊಟ ಆಗಿದ್ದ ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದ ಸಂಶಯ ಅದರ ಮೇಲೆ ಹೋಯಿತು. ಆದರೆ ಅದು ಸಾಬೀತಾಗಲಿಲ್ಲ. ಮರಗೆಣಸು ತಿನ್ನದ ಊರುಗಳಲ್ಲೂ ಈ ಕಾಯಿಲೆ ಸಿಕ್ಕಿತು. ಆಮೇಲೆ ಇಂಥ ರೋಗಿಗಳಲ್ಲಿ ತುಂಬ ಜನರಿಗೆ ಸ್ಪಿಂಕ್-1 ಅನ್ನುವ ಜೀನಿನಲ್ಲಿ ವ್ಯತ್ಯಾಸ ಕಂಡಿತು. ನಿಮ್ಮ ಮಗನಿಗೆ ಬಂದದ್ದು ದಿಢೀರ್ ಊತ, ಅದೇ ಬೇರೆ. ನಮ್ಮವರು ಮಾಡುವ ಹಾಗೆ ಸಿಪ್ಪೆ ತೆಗೆದು, ಚೆನ್ನಾಗಿ ಬೇಯಿಸಿ, ನೀರು ಚೆಲ್ಲಿ ತಿಂದರೆ ತೊಂದರೆ ಇಲ್ಲ.

ಕ್ಲಿನಿಕ್ಕಿನವರ ಮೇಲೆ ಸಿಟ್ಟು ಬೇಡ ಅನ್ನುತ್ತೇನೆ. ಮಕ್ಕಳ ಹೊಟ್ಟೆನೋವು ಹೆಚ್ಚಾಗಿ ಮಲಬದ್ಧತೆ, ಇಲ್ಲವೇ ಸಣ್ಣ ಸೋಂಕು. ಆದರೆ ನೀರೂ ನಿಲ್ಲದ ವಾಂತಿ, ಮಗು ಮುದುಡಿ ಮಲಗುವಷ್ಟು ನೋವು ಇದ್ದರೆ ಅದಕ್ಕೆ ಗ್ಯಾಸ್ ಅನ್ನುವ ಉತ್ತರ ಸಾಲದು.

ನಿಮಗೆ ಈಗ ಉಳಿದಿರುವ ಕೆಲಸ ಕಾರಣ ಹುಡುಕುವುದು. ಮೊದಲ ಸಲದ ಸ್ಕ್ಯಾನಿನಲ್ಲಿ ಕರುಳಿನ ಗಾಳಿ ಅಡ್ಡ ಬಂದು ಮೇದೋಜೀರಕ ಸರಿ ಕಾಣದೇ ಇರಬಹುದು. ಈಗ ಖಾಲಿ ಹೊಟ್ಟೆಯಲ್ಲಿ ಅಲ್ಟ್ರಾಸೌಂಡ್ ಪುನಃ ಮಾಡಿಸಿ. ಲಿವರ್ ಪರೀಕ್ಷೆ, ಕ್ಯಾಲ್ಸಿಯಂ, ಟ್ರೈಗ್ಲಿಸರೈಡ್ ನೋಡಲಿ. ಇದೆಲ್ಲ ಕಾಸರಗೋಡಿನಲ್ಲೇ ಆಗುತ್ತದೆ. ಹೆಚ್ಚಿನ ಮಕ್ಕಳಿಗೆ ಎರಡನೇ ಸಲ ಬರುವುದಿಲ್ಲ. ಬಂದರೆ ಮಾತ್ರ ಎಂಆರ್‌ಸಿಪಿ (ಪಿತ್ತ ಮತ್ತು ಮೇದೋಜೀರಕದ ನಾಳ ತೋರಿಸುವ ಎಂಆರ್‌ಐ ಸ್ಕ್ಯಾನ್), ಜೀನ್ ಪರೀಕ್ಷೆ ಅಂತ ಮಂಗಳೂರಿನ ಕಡೆ ಹೊರಡಿ. ಎಲ್ಲ ಕಾಗದದ ಒಂದು ಪ್ರತಿ ನಿಮ್ಮ ಕೈಯಲ್ಲಿ ಇರಲಿ, ಫೋನಿನಲ್ಲೂ ಫೋಟೋ ತೆಗೆದಿಡಿ. 2020ರಲ್ಲಿ ಕೊರೋನಾ ಹೊತ್ತಿಗೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ, ಫೈಲು ಆಚೆ, ರೋಗಿ ಈಚೆ ಅಂತ ಒದ್ದಾಡಿದವರು ಕಡಿಮೆಯಲ್ಲ.

ನೋವು ಮತ್ತೆ ಬಂದು ವಾಂತಿ ನಿಲ್ಲದಿದ್ದರೆ, ಜ್ವರ, ಕಣ್ಣು ಹಳದಿ, ಹೊಟ್ಟೆ ಉಬ್ಬರ, ಮೂತ್ರ ಕಡಿಮೆ, ಏದುಸಿರು ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಕೆಲವು ವಾರ ಕಳೆದ ಮೇಲೆ ಗ್ರಂಥಿಯ ಪಕ್ಕದಲ್ಲಿ ನೀರಿನ ಗಂಟು ಕಟ್ಟುವುದೂ ಉಂಟು. ಹಾಗಾಗಿ ಊಟ ಮಾಡಿದ ಕೂಡಲೇ ಹೊಟ್ಟೆ ತುಂಬಿತು ಅಂತ ದಿನಾ ಹೇಳಿದರೂ ಒಮ್ಮೆ ತೋರಿಸಿ. ಸಕ್ಕರೆ ಪರೀಕ್ಷೆ ಕೆಲವು ತಿಂಗಳು ಬಿಟ್ಟು ಒಂದು ಸಲ ಸಾಕು. ಶಾಲೆಗೆ ಹೋಗಲಿ, ಆಟಕ್ಕೂ ಬಿಡಿ.