ಅದು ಉದಾಸೀನ ಅಲ್ಲ

ಬಸುರಿಯ ಸುಸ್ತನ್ನ ಉದಾಸೀನ, ಅಂದ್ರೆ ಸೋಮಾರಿತನ, ಅಂತ ಹೇಳಿ ಕೌನ್ಸೆಲಿಂಗ್‌ಗೆ ಬಂದ ಕೇಸ್ ಈ ವರ್ಷ ನನ್ನ ಹತ್ರ ಇದು ನಾಲ್ಕನೇದ್ದು, ಅದಕ್ಕೇ ಬರಿತಾ ಇದ್ದೇನೆ. ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ. ಉಡುಪಿ ಹತ್ರದ ಹುಡುಗಿ, ಚೊಚ್ಚಲ ಬಸುರಿ, ಆರು ತಿಂಗಳು, ಸೊಸೈಟಿಯಲ್ಲಿ ಕ್ಲರ್ಕ್, ಗಂಡ ದುಬೈಯಲ್ಲಿ, ಮನೆಸಾಲ ಬೇರೆ ಉಂಟು. ಕರ್ಕೊಂಡು ಬಂದದ್ದು ಅತ್ತೆ, "ಇವ್ಳಿಗೆ ಎಲ್ಲದಕ್ಕೂ ಉದಾಸೀನ ಮೇಡಂ, ನಾವೆಲ್ಲ ನೇಜಿ ನೆಟ್ಟು ಬಂದು ಹೆತ್ತವ್ರು" ಅಂತ.

ಎರಡನೇ ಸಲ ಒಬ್ಳೇ ಬಂದ್ಳು. ತುಂಬ ಹೊತ್ತು ಎಂತ ಸಾ ಮಾತಾಡ್ಲಿಲ್ಲ, ಆಮೇಲೆ "ಮೊನ್ನೆ ಮಿಕ್ಸಿಗೆ ಕಾಯಿ ಹಾಕಿ ನಿಂತೆ ಮೇಡಂ, ಸ್ವಿಚ್ ಒತ್ಲಿಕ್ಕೆ ಕೈ ಎತ್ತಬೇಕಲ್ಲ, ಅದು ಆಗ್ಲಿಲ್ಲ, ಎಷ್ಟೊತ್ತು ನಿಂತೆ ಅಂತ ಗೊತ್ತಿಲ್ಲ. ಅತ್ತೆ ಹೇಳುದು ಸರಿ, ನಂಗೆ ಉದಾಸೀನವೇ" ಅಂದ್ಳು. ಅತ್ತೆ ಹೇಳಿದ್ದಕ್ಕಿಂತ ಇವ್ಳು ಅದನ್ನ ಒಪ್ಪಿಕೊಂಡದ್ದು ನಂಗೆ ಸಂಕಟ ಆಯ್ತು. ಮತ್ತೆ ಹೇಳಿದ್ಳು, "ಟೆನ್ಶನ್ ಮಾಡ್ಬೇಡ ಮಗುವಿಗೆ ಆಗುದಿಲ್ಲ ಅಂತಾರೆ ಎಲ್ರೂ, ಈಗ ಟೆನ್ಶನ್ ಆಗ್ತಾ ಉಂಟಲ್ಲ ಅಂತಲೇ ಟೆನ್ಶನ್."

ಎಲ್ರೂ ಮಗುವಿನ ಬಗ್ಗೆಯೇ ಕೇಳುದು, ಅವ್ಳ ತಲೆಯೊಳಗೆ ಎಂತ ಆಗ್ತಾ ಉಂಟು ಅಂತ ಯಾರೂ ಕೇಳ್ಲಿಲ್ಲ. ಹಾಗಾಗಿ ನಾನು ಮೆದುಳಿನ ವಿಷಯವೇ ತೆಗೆದೆ. ಮೈತೂಕದಲ್ಲಿ ಮೆದುಳು ಬರೀ 2 ಪರ್ಸೆಂಟ್, ಆದ್ರೆ ಸುಮ್ನೆ ಕೂತಾಗ್ಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20 ಪರ್ಸೆಂಟ್ ಅದಕ್ಕೇ ಬೇಕು, ಆ ಶಕ್ತಿ ಹೆಚ್ಚಿನದ್ದೂ ತಯಾರಾಗುದು ಜೀವಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿ. ಬಸುರಿಯರಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಎರಡು ಮೂರು ಪಟ್ಟು ಏರುದು ಸಹಜ, ಅದಕ್ಕೆ ಹೆದರ್ಬೇಕಾಗಿಲ್ಲ. ಆದ್ರೆ ಬಸುರಿ ಇಲಿಗಳಿಗೆ ಮತ್ತೆ ಮತ್ತೆ ಒತ್ತಡ ಕೊಟ್ಟು ನೋಡಿದಾಗ ತಾಯಿ ಇಲಿಯ ಮೆದುಳಲ್ಲಿ ಮೈಟೋಕಾಂಡ್ರಿಯಾದ ಕೆಲ್ಸ ಕುಗ್ಗಿದ್ದು ಕಂಡಿದೆ. ಇಲಿಯಲ್ಲಿ ಕಂಡದ್ದು ನಿಂಗೂ ಹಾಗೇ ಆಗಿದೆ ಅಂತ ಅಲ್ಲ, ಅದನ್ನೂ ಅವ್ಳಿಗೆ ಬಿಡಿಸಿ ಹೇಳಿದೆ. ಕ್ಲರ್ಕ್ ಹುಡುಗಿಗೆ ಇದೆಲ್ಲ ಯಾಕೆ ಅಂತ ನಮ್ಮಲ್ಲೇ ಒಬ್ರು ಕೇಳಿದ್ರು. ಧೈರ್ಯ ತಗೊ ಅಂತ ಹೇಳುವವ್ರು ಅವ್ಳಿಗೆ ಹತ್ತು ಜನ ಇದ್ರು, ಕೈ ಏಳದೆ ಇರುದಕ್ಕೆ ಗುಣದ ದೋಷ ಅಲ್ಲದೆ ಬೇರೆ ಕಾರಣವೂ ಇರ್ಬಹುದು ಅಂತ ಹೇಳಿದವ್ರು ಒಬ್ರೂ ಇರ್ಲಿಲ್ಲ, ಅದಕ್ಕೆ.

ತಾಯಿ ಕಾರ್ಡ್ ನೋಡಿದೆ, ಹಿಮೋಗ್ಲೋಬಿನ್ 9.2, ಬಸುರಿಯರಿಗೆ 11ಕ್ಕಿಂತ ಕಮ್ಮಿ ಅಂದ್ರೆ ರಕ್ತಹೀನತೆ. ಐರನ್ ಮಾತ್ರೆ ಮಲಬದ್ಧತೆ ಆಗ್ತದೆ ಅಂತ ಬಿಟ್ಟಿದ್ಳು. ಮಾತ್ರೆ ಬದಲಿಸಿ ಕೊಡ್ಲಿಕ್ಕೆ ಕೇಳು, ಚಾದ ಜೊತೆ ತಗೊಳ್ಬೇಡ, ಥೈರಾಯ್ಡ್ ಟೆಸ್ಟ್ ಮಾಡಿಸು ಅಂದೆ. ಬಸುರಿ ಬಾಣಂತಿಯರಲ್ಲಿ ಖಿನ್ನತೆ ಉಂಟಾ ಅಂತ ನೋಡ್ಲಿಕ್ಕೆ 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯ 10 ಪ್ರಶ್ನೆ ಒಟ್ಟಿಗೆ ಕೂತು ತುಂಬಿದೆವು, ಸ್ಕೋರ್ ನೋಡಿ ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದೆ. ಬರೀ ಮಾತಲ್ಲಿ ಸರಿ ಮಾಡ್ತೇನೆ ಅಂತ ಇಂಥ ಕೇಸನ್ನ ಹಿಡ್ಕೊಂಡು ಕೂರುದು ತಪ್ಪು ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ರಾತ್ರಿ ತಡ್ಕೊಳ್ಲಿಕ್ಕೆ ಆಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ ಫೋನ್ ಮಾಡು ಅಂತ 14416 ಮೊಬೈಲಲ್ಲಿ ಸೇವ್ ಮಾಡಿಸಿದೆ.

ಅತ್ತೆ ಹತ್ರ ಕೇಳಿದ್ದು ಒಂದೇ, ಉದಾಸೀನ ಅನ್ನುವ ಶಬ್ದ ಮನೆಯಲ್ಲಿ ಬೇಡ. ಗಂಡ ಡ್ಯೂಟಿ ಮುಗ್ಸಿ ಫೋನ್ ಮಾಡುವಾಗ ಇಲ್ಲಿ ಹನ್ನೆರಡು ಗಂಟೆ, ಇವ್ಳ ಅರ್ಧ ನಿದ್ದೆ ಹೋಗ್ತಿದ್ದದ್ದು ಅಲ್ಲೇ, ಈಗ ಬೆಳಿಗ್ಗೆ ಮಾಡ್ತಾನೆ. ಮುಂದಿನ ತಿಂಗಳು ಬಯಕೆ ಮುಗ್ಸಿ ಅಮ್ಮನ ಮನೆಗೆ ಹೋಗ್ತಾಳೆ, ಅಲ್ಲಿಯ ನಂಬರ್ ಬರೆದಿಟ್ಟಿದ್ದೇನೆ, ಬಾಣಂತಿಯನ್ನ ಹೊರಗೆ ಕಳಿಸುದಿಲ್ಲ ಅಂದ್ರೆ ನಾನೇ ಫೋನ್ ಮಾಡ್ತೇನೆ ಅಂತ ಹೇಳಿದ್ದೇನೆ.